ಹೆಡ್ಡಿನ ಪಕ್ಕದ ಸ್ಕ್ರೂ

ಕ್ಯಾಸೆಟ್ ಡೆಕ್ಕಿನ ಬಾಗಿಲು ತೆಗೆದು ಟಾರ್ಚ್ ಹಿಡಿದರೆ ಟೇಪಿನಿಂದ ಸದ್ದು ಓದುವ ಹೆಡ್ಡಿನ ಪಕ್ಕದಲ್ಲಿ ಒಂದು ಸಣ್ಣ ಸ್ಕ್ರೂ ಕಾಣುತ್ತದೆ. ಅದು ಅಲುಗಾಡದಿರಲಿ ಅಂತ ತಲೆಯ ಮೇಲೆ ಒಂದು ಹನಿ ಬಣ್ಣ ಹಾಕಿರುತ್ತಾರೆ. ನಾನು ಆ ಬಣ್ಣವನ್ನು ಕೆರೆದು ತೆಗೆದದ್ದು 2021ರ ಆಗಸ್ಟ್‌ನ ಒಂದು ಭಾನುವಾರ. ಹೊರಗೆ ಜಿಟಿಜಿಟಿ ಮಳೆ. ಸ್ಕ್ರೂವನ್ನು ಕಾಲು ಸುತ್ತು ಕೂಡ ತಿರುಗಿಸಿರಲಿಲ್ಲ, ಅಷ್ಟು ವರ್ಷ ಕಂಬಳಿ ಹೊದ್ದು ಮಲಗಿದ್ದ ಹಾಡೊಂದು ಎದ್ದು ಕೂತಿತು. ಗಿಟಾರಿನ ತಂತಿಗೆ ಪಿಕ್ ತಾಗುವ ಸದ್ದು ಕೇಳಿಸಿತು. ಹಾಡುವವನು ಸಾಲಿಗೂ ಸಾಲಿಗೂ ನಡುವೆ ಉಸಿರು ಎಳೆದುಕೊಳ್ಳುವುದು ಕೇಳಿಸಿತು.

ಅವತ್ತಿಂದ ಒಂದೂವರೆ ವರ್ಷ ಇದೇ ಕೆಲಸ ಮಾಡಿದೆ. ತ್ಯಾಗರಾಜನಗರದ ನಮ್ಮ ಮನೆಯ ಅಟ್ಟದ ಮೇಲಿದ್ದ 137 ಕ್ಯಾಸೆಟ್‌ಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದೆ. ಹೆಚ್ಚಿನವು ಎಂಬತ್ತು, ತೊಂಬತ್ತರ ದಶಕದ ಇಂಡೀ, ಆಲ್ಟರ್ನೇಟಿವ್ ಸಂಗೀತ. ಕೆಲವು ನಮ್ಮ ಬೆಂಗಳೂರಿನ ಕಾಲೇಜು ಹುಡುಗರ ಬ್ಯಾಂಡ್‌ಗಳದ್ದು. ಹೇಗೆ ಇಳಿಸಿದೆ, ಎಲ್ಲಿ ಕೆಡಿಸಿದೆ, ಆ ಕೆಲಸದಲ್ಲಿ ಈ ಹಾಡುಗಳ ಬಗ್ಗೆ ನನಗೆ ಏನು ಗೊತ್ತಾಯಿತು ಅಂತ ಬರೆಯಬೇಕು ಅನ್ನಿಸಿದೆ.

ನಾನು ತಿಪಟೂರಿನವಳು. ಇಂಜಿನಿಯರಿಂಗ್ ಓದಲು 1991ರಲ್ಲಿ ಬೆಂಗಳೂರಿಗೆ ಬಂದೆ. ಕನ್ನಡ ಮೀಡಿಯಂ. ನಮ್ಮ ಮನೆಯಲ್ಲಿದ್ದದ್ದು ಭಾವಗೀತೆ, ತತ್ವಪದ, ಜೊತೆಗೆ ಅಪ್ಪನ ಫಿಲಿಪ್ಸ್ ರೇಡಿಯೋ. ಹಾಸ್ಟೆಲಿನ ಗೇಟು ರಾತ್ರಿ 8ಕ್ಕೆ ಹಾಕುತ್ತಿದ್ದರು. ಹುಡುಗರು ರೆಸ್ಟ್ ಹೌಸ್ ರಸ್ತೆಯ ಪೆಕೋಸ್ ಪಬ್ಬಿಗೆ ಹೋಗುತ್ತಿದ್ದರು, ಕಾಲೇಜು ಫೆಸ್ಟ್‌ಗಳಲ್ಲಿ ಬ್ಯಾಂಡ್‌ಗಳನ್ನು ಕೇಳುತ್ತಿದ್ದರು. ಬ್ಯಾಂಡ್‌ಗಳು ಸ್ಟೇಜ್ ಹತ್ತುವ ಹೊತ್ತಿಗೆ ನಾವು ಹುಡುಗಿಯರು ಗೇಟಿನ ಒಳಗಿರುತ್ತಿದ್ದೆವು. ಹಾಗಾಗಿ ನನಗೆ ಸಿಕ್ಕಿದ್ದೆಲ್ಲ ಕ್ಯಾಸೆಟ್ ಮೂಲಕ. ಕ್ಲಾಸಿನ ಗೆಳೆಯರು ಟಿಡಿಕೆ ಕಂಪನಿಯ ತೊಂಬತ್ತು ನಿಮಿಷದ ಖಾಲಿ ಕ್ಯಾಸೆಟ್ ತೆಗೆದುಕೊಂಡು ಹೋಗಿ ತುಂಬಿಸಿ ತಂದು ಕೊಡುತ್ತಿದ್ದರು. ಒಬ್ಬನಿಂದ ಇನ್ನೊಬ್ಬನಿಗೆ, ಅವನಿಂದ ನನಗೆ. ಮೂರನೆಯ, ನಾಲ್ಕನೆಯ ಕಾಪಿ.

ಒಂದು ವಿಷಯ ಹೇಳಲೇಬೇಕು. ಶುರುವಿನಲ್ಲಿ ಆ ಹಾಡುಗಳ ಮಾತು ನನಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದ ಆರ್.ಇ.ಎಂ. ಅನ್ನುವ ಬ್ಯಾಂಡಿನ 1983ರ ಮೊದಲ ಆಲ್ಬಂ ‘ಮರ್ಮರ್’ ಕೇಳಿದಾಗ, ನನ್ನ ಇಂಗ್ಲಿಷ್ ಸಾಲದು ಅಂತ ಬೇಜಾರಾಗಿತ್ತು. ಆ ಹಾಡುಗಾರ ಆಗ ಮಾತನ್ನು ನುಂಗಿಯೇ ಹಾಡುತ್ತಿದ್ದ, ಅಲ್ಲಿಯವರಿಗೂ ಸರಿಯಾಗಿ ತಿಳಿಯುತ್ತಿರಲಿಲ್ಲ ಅಂತ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ತತ್ವಪದ ಕೇಳಿ ಬೆಳೆದವರಿಗೆ ಇದು ಹೊಸದಲ್ಲ. ಚಿಕ್ಕವರಿದ್ದಾಗ ಶರೀಫರ ಪದದ ಅರ್ಥ ಯಾರಿಗೆ ಗೊತ್ತಿತ್ತು? ಆದರೂ ಅದು ಮನಸ್ಸಲ್ಲಿ ಉಳಿಯಿತು, ಅಲ್ವಾ?

ಇಂಡೀ ಅಂದರೇನು ಅಂತ ಕೇಳಿದವರಿಗೆ ನಾನು ಅಪ್ಪ ತರಿಸುತ್ತಿದ್ದ ಲಂಕೇಶ್ ಪತ್ರಿಕೆಯ ಉದಾಹರಣೆ ಕೊಡುತ್ತೇನೆ. 1980ರಲ್ಲಿ ಶುರುವಾದ ಆ ಪತ್ರಿಕೆ ಜಾಹೀರಾತು ಹಾಕುತ್ತಿರಲಿಲ್ಲ. ಓದುವವರು ಕೊಡುವ ದುಡ್ಡಲ್ಲೇ ನಡೆಯುತ್ತಿತ್ತು. ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಹುಡುಗರು ದೊಡ್ಡ ಕಂಪನಿಗಳ ಹಂಗಿಲ್ಲದೆ ರೆಕಾರ್ಡ್ ಮಾಡುತ್ತಿದ್ದರು. ಮ್ಯಾಂಚೆಸ್ಟರ್ ಕಡೆಯ ಬಜ್‌ಕಾಕ್ಸ್ ಬ್ಯಾಂಡ್ 1977ರ ಜನವರಿಯಲ್ಲಿ ನಾಲ್ಕು ಹಾಡಿನ ಒಂದು ರೆಕಾರ್ಡನ್ನು ತಾವೇ ಹೊರತಂದರು. ಮನೆಯವರ, ಗೆಳೆಯರ ಹತ್ತಿರ 500 ಪೌಂಡ್ ಸಾಲ ಮಾಡಿ 1000 ಪ್ರತಿ ಒತ್ತಿಸಿದರು. ಯಾವ ಹಾಡು ಎಷ್ಟನೆಯ ಸಲಕ್ಕೆ ಸರಿಬಂತು ಅನ್ನುವುದನ್ನೂ ಹೊದಿಕೆಯ ಮೇಲೆ ಅಚ್ಚು ಹಾಕಿಸಿದರು. ಇದು ನನಗೆ ತುಂಬಾ ಇಷ್ಟವಾದ ಸಂಗತಿ. ಹೇಗೆ ಮಾಡಿದೆವು ಅನ್ನುವುದನ್ನು ಬಚ್ಚಿಡಲಿಲ್ಲ. ನೀವೂ ಮಾಡಬಹುದು ಅಂತ ಹೇಳಿದ ಹಾಗಿತ್ತು. ಮುಂದಿನ ವರ್ಷ, 1978ರಲ್ಲಿ, ಮ್ಯಾಂಚೆಸ್ಟರಿನಲ್ಲೇ ಫ್ಯಾಕ್ಟರಿ, ಲಂಡನ್ನಿನಲ್ಲಿ ರಫ್ ಟ್ರೇಡ್ ಅನ್ನುವ ಕಂಪನಿಗಳು ಹುಟ್ಟಿದವು. ರಫ್ ಟ್ರೇಡ್ ಅದಕ್ಕೂ ಮೊದಲು ಬರೀ ಒಂದು ರೆಕಾರ್ಡ್ ಅಂಗಡಿ. ನಮ್ಮಲ್ಲಿ ಪುಸ್ತಕದ ಅಂಗಡಿ ಇಟ್ಟವರು ಪ್ರಕಾಶನ ಶುರು ಮಾಡುತ್ತಾರಲ್ಲ, ಹಾಗೆ.

ಈಗ ಕೆಲಸದ ವಿಷಯಕ್ಕೆ ಬರುತ್ತೇನೆ.

ಮೊದಲು ಆನ್‌ಲೈನಿನಲ್ಲಿ ಒಂದು ಅಗ್ಗದ ಪ್ಲೇಯರ್ ತರಿಸಿದೆ. ಯುಎಸ್‌ಬಿ ವೈರ್ ಚುಚ್ಚಿದರೆ ಸಾಕು, ಹಾಡು ತಾನೇ ಕಂಪ್ಯೂಟರಿಗೆ ಹೋಗುತ್ತದೆ ಅಂತ ಪೆಟ್ಟಿಗೆ ಮೇಲೆ ಬರೆದಿತ್ತು. ಹೋಗಿದ್ದೇನೋ ನಿಜ. ಆದರೆ ಪಿಯಾನೋ ಸ್ವರ ನಿಲ್ಲದೆ ನಡುಗುತ್ತಿತ್ತು, ಮೋಟಾರಿನ ಗೊರ್ ಅನ್ನುವ ಸದ್ದು ಹಾಡಿನ ಕೆಳಗೆ ಸದಾ ಇರುತ್ತಿತ್ತು. ಹನ್ನೊಂದು ಕ್ಯಾಸೆಟ್ ಇಳಿಸಿದ ಮೇಲೆ ಕೂತು ಗಮನವಿಟ್ಟು ಕೇಳಿದೆ. ಹನ್ನೊಂದನ್ನೂ ಅಳಿಸಿದೆ. ನೀವು ಈ ಕೆಲಸಕ್ಕೆ ಕೈ ಹಾಕುವುದಾದರೆ ದಯವಿಟ್ಟು ಇಂಥದ್ದಕ್ಕೆ ದುಡ್ಡು ಹಾಕಬೇಡಿ. ಹಳೆಯದಾದರೂ ಸರಿ, ಒಳ್ಳೆಯ ಡೆಕ್ ಹುಡುಕಿ.

ನನಗೆ ಸಿಕ್ಕಿದ್ದು ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಹತ್ತಿರದ ಸಂಡೇ ಬಜಾರಿನಲ್ಲಿ. ಬೆಳಿಗ್ಗೆ ಏಳಕ್ಕೇ ಹೋಗಬೇಕು. ಹತ್ತಾದರೆ ಒಳ್ಳೆಯದೆಲ್ಲ ಖಾಲಿ. ಡೆಕ್ ಓಡುತ್ತಿರಲಿಲ್ಲ, ಒಳಗಿನ ಬೆಲ್ಟು ಕರಗಿ ಕಪ್ಪು ಅಂಟಾಗಿತ್ತು. ಹಾಗಾಗಿ ಕಡಿಮೆಗೆ ಬಂತು. ಆ ಅಂಟು ಕೈಗೆ ಹತ್ತಿದರೆ ಎರಡು ದಿನ ಹೋಗುವುದಿಲ್ಲ. ಎಸ್.ಪಿ. ರೋಡಿನ ಒಂದು ಓಣಿಯಲ್ಲಿ ಟೇಪ್ ರೆಕಾರ್ಡರ್ ರಿಪೇರಿ ಮಾಡುವ ಹಿರಿಯರೊಬ್ಬರು ಸಿಕ್ಕರು. ಡೆಕ್ಕನ್ನು ತಿರುಗಿಸಿ ನೋಡಿ ಹೇಳಿದರು: “ಬೆಲ್ಟ್ ಸಿಗುತ್ತೆ ಮೇಡಂ, ಹೆಡ್ ಸಿಗಲ್ಲ. ಹೆಡ್ ಚೆನ್ನಾಗಿದೆಯಾ ಅಂತ ಮೊದಲು ನೋಡ್ಬೇಕು.” ಉಗುರಿನಿಂದ ಹೆಡ್ಡಿನ ಮೇಲೆ ಮೆಲ್ಲಗೆ ಸವರಿದರು. ಟೇಪು ಉಜ್ಜಿ ಉಜ್ಜಿ ಹಳ್ಳ ಬಿದ್ದಿದ್ದರೆ ಉಗುರಿಗೆ ತಡೆಯುತ್ತದೆ. ತಡೆಯಲಿಲ್ಲ. ಅವರು ಹೊಸ ಬೆಲ್ಟ್ ಹಾಕಿಕೊಟ್ಟರು. ರಬ್ಬರ್ ರೋಲರನ್ನು ಹೇಗೆ ಒರೆಸಬೇಕು ಅಂತ ತೋರಿಸಿಕೊಟ್ಟರು. ಅವರು ತೋರಿಸಿಕೊಟ್ಟದ್ದನ್ನು ಎಷ್ಟು ದುಡ್ಡು ಕೊಟ್ಟರೂ ಇನ್ನೆಲ್ಲೂ ಕಲಿಯಲು ಆಗುತ್ತಿರಲಿಲ್ಲ.

ಆ ಸ್ಕ್ರೂವಿನ ಗುಟ್ಟು ಹೇಳಿಕೊಟ್ಟವರೂ ಅವರೇ. ಕ್ಯಾಸೆಟ್ಟಿನ ಟೇಪು ನಾಲ್ಕು ಮಿಲಿಮೀಟರಿಗೂ ಕಡಿಮೆ ಅಗಲ. ಅಷ್ಟರಲ್ಲೇ ಎರಡೂ ಬದಿಯ ಎಡ, ಬಲ ಸೇರಿ ನಾಲ್ಕು ಗೆರೆಗಳಲ್ಲಿ ಸದ್ದು ಕೂತಿರುತ್ತದೆ. ಹೆಡ್ಡು ಟೇಪಿಗೆ ಸರಿಯಾಗಿ ಲಂಬ ಕೋನದಲ್ಲಿ ನಿಂತಿರಬೇಕು. ಕೂದಲೆಳೆಯಷ್ಟು ವಾಲಿದರೂ ಸಣ್ಣ ಸದ್ದುಗಳೆಲ್ಲ ಮಾಯ. ತಾಳದ ಝಣ್, ಮಾತಿನ ಸ, ಶ, ತಂತಿಯ ಮೇಲೆ ಬೆರಳು ಜಾರುವ ಸದ್ದು, ಎಲ್ಲ ಹೋಗಿ ಬರೀ ಗುಂಯ್ ಉಳಿಯುತ್ತದೆ. ನನ್ನ ಕ್ಯಾಸೆಟ್‌ಗಳು ಹತ್ತಾರು ಬೇರೆ ಬೇರೆ ಟೇಪ್ ರೆಕಾರ್ಡರುಗಳಲ್ಲಿ ಕಾಪಿ ಆದಂಥವು. ಒಂದೊಂದರ ಹೆಡ್ಡು ಒಂದೊಂದು ಕಡೆ ವಾಲಿತ್ತು. ನುಡಿಸುವಾಗ ನನ್ನ ಹೆಡ್ಡನ್ನೂ ಅಷ್ಟೇ ವಾಲಿಸಿದರೆ ಮುಚ್ಚಿಹೋದ ಸದ್ದು ವಾಪಸ್ ಬರುತ್ತದೆ. ಇದಕ್ಕೆ ಅಜಿಮತ್ ಕೂಡಿಸುವುದು ಅನ್ನುತ್ತಾರೆ.

ನಾನು ಮಾಡುವ ಕ್ರಮ ಹೀಗೆ. ಎಡ, ಬಲ ಎರಡನ್ನೂ ಸೇರಿಸಿ ಮೋನೋ ಮಾಡಿ ಹೆಡ್‌ಫೋನ್ ಹಾಕಿಕೊಳ್ಳುತ್ತೇನೆ. ತಾಳದ ಝಣ್ ಜಾಸ್ತಿ ಇರುವ ಜಾಗಕ್ಕೆ ಟೇಪ್ ಓಡಿಸುತ್ತೇನೆ. ಸ್ಕ್ರೂವನ್ನು ಎಳ್ಳಷ್ಟೇ ಆ ಕಡೆ ಈ ಕಡೆ ತಿರುಗಿಸುತ್ತೇನೆ. ಸದ್ದು ತೆರೆದುಕೊಳ್ಳುತ್ತಾ ಹೋಗಿ ಒಂದು ಜಾಗದಲ್ಲಿ ಪೂರ್ತಿ ತೆರೆಯುತ್ತದೆ, ದಾಟಿದರೆ ಮತ್ತೆ ಮುಚ್ಚುತ್ತದೆ. ಆ ಜಾಗದಲ್ಲಿ ಬಿಡಬೇಕು. ಪ್ರತಿ ಕ್ಯಾಸೆಟ್ಟಿಗೂ, ಪ್ರತಿ ಬದಿಗೂ ಹೊಸದಾಗಿ ಮಾಡಬೇಕು. ಇದು ಮುಗಿಯುವವರೆಗೆ, ಟೇಪಿನ ಸ್‌ಸ್ ಸದ್ದು ತಗ್ಗಿಸುವ ಡಾಲ್ಬಿ ಬಟನ್ ಮುಟ್ಟಬಾರದು. ಸದ್ದು ಮಂಕಾಗಿರುವಾಗ ಡಾಲ್ಬಿ ಹಾಕಿದರೆ ಅದು ಇನ್ನಷ್ಟು ಮಂಕಾಗುತ್ತದೆ. ಕಂಪನಿಯಿಂದಲೇ ಬಂದ ಒಳ್ಳೆಯ ಕ್ಯಾಸೆಟ್‌ಗಳಿಗೆ ಬೇರೆ ಡೆಕ್ ಇಟ್ಟುಕೊಂಡಿದ್ದೇನೆ. ಅದರ ಸ್ಕ್ರೂ ಮುಟ್ಟಿಲ್ಲ.

ಬೆಂಗಳೂರಿನ ಮಳೆಗಾಲ ಕ್ಯಾಸೆಟ್ಟಿಗೆ ಆಗಿಬರುವುದಿಲ್ಲ. ಸುಮಾರು ಇಪ್ಪತ್ತು ಕ್ಯಾಸೆಟ್‌ಗಳ ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿತ್ತು. ಮಾಸ್ಕ್ ಹಾಕಿಕೊಂಡು ಬಾಲ್ಕನಿಯಲ್ಲಿ ಕೂತು ಒಣ ಬ್ರಶ್ಶಿನಿಂದ ತೆಗೆದೆ. ಪ್ರತಿ ಕ್ಯಾಸೆಟ್ ಮುಗಿದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಹೆಡ್ ಒರೆಸಿದೆ. ಹತ್ತಿ ಕಂದು ಬಣ್ಣಕ್ಕೆ ತಿರುಗುತ್ತದೆ. ಇನ್ನು ಕೆಲವದರಲ್ಲಿ, ಟೇಪನ್ನು ಹೆಡ್ಡಿಗೆ ಒತ್ತುವ ಸಣ್ಣ ಬಟ್ಟೆಯ ತುಂಡು, ಪ್ರೆಷರ್ ಪ್ಯಾಡ್, ಗೋಂದು ಒಣಗಿ ಉದುರಿ ಹೋಗಿತ್ತು. ಅದಿಲ್ಲದಿದ್ದರೆ ಸದ್ದು ಬಂದು ಹೋಗಿ ಮಾಡುತ್ತದೆ. ಸಂಡೇ ಬಜಾರಿನಲ್ಲಿ ಯಾರಿಗೂ ಬೇಡವಾದ ಕ್ಯಾಸೆಟ್‌ಗಳನ್ನು ಒಂದು ಚೀಲ ತಂದು, ಅವುಗಳ ಪ್ಯಾಡ್ ತೆಗೆದು ಇವಕ್ಕೆ ಹಾಕಿದೆ. ಸ್ಕ್ರೂ ಇರುವ ಡಬ್ಬಿಗಳು ಬಿಚ್ಚಲು ಸುಲಭ. ಅಂಟಿಸಿದ ಡಬ್ಬಿಯಾದರೆ ಬ್ಲೇಡಿನಿಂದ ಸೀಳಿ, ಎರಡೂ ರೀಲುಗಳನ್ನು ಹೊಸ ಡಬ್ಬಿಗೆ ದಾಟಿಸಬೇಕು. ಮೊದಲ ಸಲ ಮಾಡಿದಾಗ ಕೈ ನಡುಗಿತ್ತು. ತೊಂಬತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಸುಮಾರು 129 ಮೀಟರ್ ಟೇಪ್ ಇರುತ್ತದೆ. ಅರವತ್ತರ ಕ್ಯಾಸೆಟ್ಟಿನ ಟೇಪಿಗಿಂತ ತೆಳ್ಳಗೆ ಬೇರೆ. ರೀಲು ಕೈಜಾರಿ ಬಿಚ್ಚಿಕೊಂಡರೆ ಆ ದಿನ ಪೂರ್ತಿ ಪೆನ್ಸಿಲ್ ಹಿಡಿದು ಸುತ್ತುವುದೇ ಕೆಲಸ.

ಕಂಪ್ಯೂಟರಿನ ಭಾಗ ಚಿಕ್ಕದು. ಡೆಕ್ಕಿನ ಲೈನ್ ಔಟ್‌ನಿಂದ ಒಂದು ಸಾಧಾರಣ ಆಡಿಯೋ ಇಂಟರ್‌ಫೇಸಿಗೆ (ಸದ್ದನ್ನು ಕಂಪ್ಯೂಟರಿಗೆ ತಿಳಿಯುವ ಹಾಗೆ ಬದಲಿಸುವ ಪೆಟ್ಟಿಗೆ), ಅಲ್ಲಿಂದ ಲ್ಯಾಪ್‌ಟಾಪಿಗೆ. ಉಚಿತವಾಗಿ ಸಿಗುವ ಆಡಾಸಿಟಿ ಅನ್ನುವ ಸಾಫ್ಟ್‌ವೇರಿನಲ್ಲಿ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ರೆಕಾರ್ಡ್ ಮಾಡುತ್ತೇನೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದರೆ ಗುಂಯ್‌ಗುಡುವ ಹಮ್ ಎಷ್ಟೋ ಕಡಿಮೆಯಾಗುತ್ತದೆ. ತೊಂಬತ್ತು ನಿಮಿಷಕ್ಕೆ ಒಂದೂವರೆ ಜಿಬಿ ಬೇಕು, ಸದ್ದು ಕೆಡದ ಹಾಗೆ ಫೈಲ್ ಕುಗ್ಗಿಸುವ ಫ್ಲ್ಯಾಕ್ ಮಾಡಿದರೆ ಅದಕ್ಕಿಂತ ಸಾಕಷ್ಟು ಕಡಿಮೆ. ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ತೊಂಬತ್ತು ನಿಮಿಷ ಕೂರಲೇಬೇಕು, ಬೇಗ ಮುಗಿಸುವ ದಾರಿ ಇಲ್ಲ. ನನಗೆ ಅದೇ ಒಳ್ಳೆಯದಾಯಿತು. ಎಷ್ಟೋ ವರ್ಷದ ಮೇಲೆ ಒಂದು ಬದಿಯನ್ನು ಪೂರ್ತಿ, ಹಾಡು ಹಾರಿಸದೆ ಕೇಳಿದೆ.

ನಾನು ನಿಜವಾಗಿ ತಪ್ಪು ಮಾಡಿದ್ದು ಇದಾದ ಮೇಲೆ. ಟೇಪಿನಲ್ಲಿ ಸ್‌ಸ್‌ಸ್ ಅನ್ನುವ ಹಿಸ್ ಇರುತ್ತದೆ. ಅದನ್ನು ತೆಗೆಯಲು ಆಡಾಸಿಟಿಯಲ್ಲಿ ಒಂದು ಸೌಲಭ್ಯ ಇದೆ. ಹಾಡು ಶುರುವಾಗುವ ಮೊದಲಿನ ಖಾಲಿ ಜಾಗವನ್ನು ತೋರಿಸಿದರೆ, ಅಂಥ ಸದ್ದನ್ನೆಲ್ಲ ಇಡೀ ಫೈಲಿನಿಂದ ತೆಗೆದುಹಾಕುತ್ತದೆ. ಮೊದಲ ಸಲ ಮಾಡಿದಾಗ ತುಂಬಾ ಖುಷಿಯಾಯಿತು. ಗಾಜು ಒರೆಸಿದ ಹಾಗೆ ಕಂಡಿತು. ನಲವತ್ತು ಕ್ಯಾಸೆಟ್‌ಗಳಿಗೆ ಹಾಗೇ ಮಾಡಿದೆ. ಡಿಸ್ಕ್ ತುಂಬುತ್ತದೆ ಅಂತ ಮೂಲ ಫೈಲುಗಳನ್ನು ಅಳಿಸಿದೆ.

ಆಮೇಲೆ ‘ಲವ್‌ಲೆಸ್’ ಬಂತು. ಮೈ ಬ್ಲಡಿ ವ್ಯಾಲೆಂಟೈನ್ ಬ್ಯಾಂಡಿನ 1991ರ ಆಲ್ಬಂ. ಸುಮಾರು ಎರಡು ವರ್ಷ ಹಿಡಿದು, ಸ್ಟುಡಿಯೋದಿಂದ ಸ್ಟುಡಿಯೋಗೆ ಅಲೆದು ಮಾಡಿದ್ದು. ಅದರಲ್ಲಿ ಗಿಟಾರುಗಳು ಮಳೆಯ ಹಾಗೆ ಸುರಿಯುತ್ತವೆ, ಆ ಮಳೆಯ ಹಿಂದೆಲ್ಲೋ ಒಂದು ಹೆಣ್ಣುದನಿ. ಹಿಸ್ ತೆಗೆದ ಮೇಲೆ ಕೇಳಿದರೆ ಅಲ್ಲಿ ಮಳೆಯೇ ಇರಲಿಲ್ಲ. ನೀರಿನ ಒಳಗೆ ಮುಳುಗಿ ಕೇಳಿದ ಹಾಗೆ ಬುಳುಬುಳು ಸದ್ದು. ಯಾವುದು ಟೇಪಿನ ಹಿಸ್, ಯಾವುದು ಅವರು ಎರಡು ವರ್ಷ ಕೂತು ಕಟ್ಟಿದ ಗಿಟಾರ್ ಅಂತ ಆ ಸಾಫ್ಟ್‌ವೇರಿಗೆ ಗೊತ್ತಾಗಿರಲಿಲ್ಲ.

ಆ ರಾತ್ರಿ ನಲವತ್ತು ಫೈಲುಗಳನ್ನೂ ಮತ್ತೆ ಕೇಳಿದೆ. ಎಲ್ಲದರಲ್ಲೂ ಏನೋ ಸತ್ತಿತ್ತು. ಕೆಲವದರಲ್ಲಿ ಕೋಣೆ ಹೋಗಿತ್ತು. ಕೋಣೆ ಅಂದರೆ, ಡ್ರಮ್ಮಿನ ಏಟು ಗೋಡೆಗೆ ಬಡಿದು ವಾಪಸ್ ಬರುತ್ತದಲ್ಲ, ಅದು.

ಆಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಹಳೆಯ ಟೇಪಿನಲ್ಲಿ ಎರಡು ಬಗೆಯ ಕಲೆ ಇರುತ್ತದೆ. ಒಂದು ಕಾಲ ಮಾಡಿದ್ದು: ಬೂಷ್ಟು, ವಾಲಿದ ಹೆಡ್ಡು, ಉದುರಿದ ಪ್ಯಾಡು. ಇದನ್ನು ತೆಗೆಯಬೇಕು. ಇನ್ನೊಂದು ಹಾಡು ಹುಟ್ಟುವಾಗಲೇ ಅದಕ್ಕೆ ಅಂಟಿಕೊಂಡದ್ದು: ಕಡಿಮೆ ದುಡ್ಡು, ಸಣ್ಣ ಕೋಣೆ, ಎರವಲು ತಂದ ಮೈಕು, ಎರಡೇ ದಿನದ ಸಮಯ. ಇದನ್ನು ತೆಗೆದರೆ ಹಾಡಿನ ಜೀವವೂ ಹೋಗುತ್ತದೆ. ಈ ಸಂಗೀತ ಇವತ್ತಿಗೂ ಹಿಡಿದು ಕೂರಿಸುವುದು ಈ ಎರಡನೆಯ ಕಲೆಯಿಂದಲೇ ಅಂತ ನಾನು ನಂಬುತ್ತೇನೆ.

ನಿರ್ವಾಣ ಬ್ಯಾಂಡಿನ ಎರಡನೆಯ ಆಲ್ಬಂ ‘ನೆವರ್‌ಮೈಂಡ್’ ಜಗತ್ತಿಗೇ ಗೊತ್ತು. ಆದರೆ 1989ರ ಅವರ ಮೊದಲ ಆಲ್ಬಂ ‘ಬ್ಲೀಚ್’ ಸಿಯಾಟಲ್‌ನಲ್ಲಿ ಸುಮಾರು 600 ಡಾಲರಿನಲ್ಲಿ ರೆಕಾರ್ಡ್ ಆಗಿದ್ದು. ಆ ಮೊತ್ತವನ್ನು ಆಲ್ಬಮ್ಮಿನ ಮೇಲೇ ಅಚ್ಚು ಹಾಕಿಸಿದ್ದರು. ಕೇಳಿದರೆ ಆ 600 ಡಾಲರ್ ಕಿವಿಗೆ ಗೊತ್ತಾಗುತ್ತದೆ. ಸಮಯ ಮುಗಿಯುವುದರೊಳಗೆ ನುಡಿಸಿಬಿಡಬೇಕು ಅನ್ನುವ ತುರ್ತು ಅದರಲ್ಲಿದೆ. ಡೇನಿಯಲ್ ಜಾನ್‌ಸ್ಟನ್ ಅನ್ನುವ ಹಾಡುಗಾರ ಶುರುವಿನಲ್ಲಿ ಮನೆಯಲ್ಲೇ ಟೇಪ್ ರೆಕಾರ್ಡರಿಗೆ ಹಾಡಿ ಕ್ಯಾಸೆಟ್ ಹಂಚುತ್ತಿದ್ದ. ಕಾಪಿ ಮಾಡುವ ಮಿಶಿನ್ ಇರಲಿಲ್ಲ. ಯಾರಾದರೂ ಕೇಳಿದರೆ ಎಲ್ಲ ಹಾಡನ್ನೂ ಮತ್ತೆ ಮೊದಲಿಂದ ಹಾಡಿ ಇನ್ನೊಂದು ಕ್ಯಾಸೆಟ್ ತುಂಬುತ್ತಿದ್ದ. ಅಂಥ ಟೇಪಿನ ಗೊರಗೊರವನ್ನು ಯಾವ ಮನಸ್ಸಿನಿಂದ ತೆಗೆಯುವುದು?

ಹಾಗಂತ ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುವುದಿಲ್ಲ. 137ರಲ್ಲಿ ಒಂದು ಮೂವತ್ತು ಕ್ಯಾಸೆಟ್‌ಗಳನ್ನು ಇಳಿಸುವಾಗ ಬೇಜಾರಾಯಿತು. ನನಗೆ ಇಷ್ಟವಾಗುವುದು ಹಾಡೋ, ಹತ್ತೊಂಬತ್ತರ ನನ್ನ ವಯಸ್ಸೋ ಅನ್ನುವ ಅನುಮಾನ ಬಂತು. ಅದಕ್ಕೆ ಪರೀಕ್ಷೆ ಮಾಡಿದೆ. ತಿಂಗಳಿಗೊಂದು ಭಾನುವಾರ ಸಂಜೆ ನಮ್ಮ ಬೀದಿಯ, ಪರಿಚಯದ ಹುಡುಗ ಹುಡುಗಿಯರನ್ನು ಮನೆಗೆ ಕರೆದೆ. ಎಲ್ಲ ಇಪ್ಪತ್ತರ ಆಚೀಚಿನವರು. ಫೋನುಗಳನ್ನು ಊಟದ ಮೇಜಿನ ಮೇಲೆ ಇಟ್ಟು ಬರಬೇಕು. ಬ್ಯಾಂಡಿನ ಹೆಸರು, ವರ್ಷ ಏನೂ ಹೇಳದೆ ಒಂದು ಬದಿ ಪೂರ್ತಿ ಹಾಕುತ್ತೇನೆ. ಆಮೇಲೆ ಕಾಫಿ, ಚುರುಮುರಿ, ಮಾತು.

ಕೆಲವು ಹಾಡಿಗೆ ಅವರು ಕಾಲು ಅಲ್ಲಾಡಿಸಲೂ ಇಲ್ಲ. ನನಗೆ ಪ್ರಾಣವಾಗಿದ್ದ ಎರಡು ಬ್ಯಾಂಡ್‌ಗಳು ಹಾಗೇ ಬಿದ್ದುಹೋದವು. ಬೇಸರವಾಯಿತು, ಆದರೆ ಅವರು ಹೇಳಿದ್ದು ಸರಿ. ಜಾಯ್ ಡಿವಿಷನ್ ಬ್ಯಾಂಡಿನ 1979ರ ‘ಅನ್‌ನೋನ್ ಪ್ಲೆಷರ್ಸ್’ ಹಾಕಿದಾಗ ಮಾತ್ರ ಯಾರೂ ಅಲುಗಾಡಲಿಲ್ಲ. ಅದರಲ್ಲಿ ಹಾಡಿನ ಧಾಟಿಯನ್ನು ಹೊತ್ತು ನಡೆಯುವುದು ಗಿಟಾರಲ್ಲ, ತಗ್ಗು ಸ್ವರದ ಬೇಸ್. ಗಿಟಾರಿನ ಗದ್ದಲದಲ್ಲಿ ತನ್ನದು ತನಗೆ ಕೇಳಿಸಲಿ ಅಂತ ಬೇಸ್ ನುಡಿಸುವವನು ಮೇಲಿನ ಸ್ವರಗಳಿಗೆ ಹೋದ. ಅದೇ ಆ ಬ್ಯಾಂಡಿನ ಗುರುತಾಯಿತು. ಸಲಕರಣೆ ಸಾಲದೆ ಹುಡುಕಿಕೊಂಡ ದಾರಿ ಅದು. ನಮ್ಮ ಎದುರುಮನೆಯ ಹುಡುಗಿ ಕೇಳಿ ಮುಗಿಸಿ ಹೇಳಿದಳು: “ಆಂಟಿ, ಇದರಲ್ಲಿ ಯಾರು ಎಲ್ಲಿ ನಿಂತಿದಾರೆ ಅಂತ ಗೊತ್ತಾಗುತ್ತೆ.” ಅವಳು ಮನೆಯಲ್ಲೇ ಲ್ಯಾಪ್‌ಟಾಪಿನಲ್ಲಿ ಹಾಡು ಮಾಡುವವಳು. ಅವಳ ಹಾಡಲ್ಲಿ ಎಲ್ಲ ಸದ್ದೂ ಸ್ವಚ್ಛ. ಮುಂದಿನ ತಿಂಗಳು ಅವಳು ಅಡುಗೆಮನೆಯಲ್ಲಿ ಮೈಕ್ ಇಟ್ಟು ಹಾಡಿದ್ದನ್ನು ತಂದು ಕೇಳಿಸಿದಳು.

ಬಿಬಿಸಿಯ ಜಾನ್ ಪೀಲ್ ನಡೆಸಿಕೊಡುತ್ತಿದ್ದ ಕಾರ್ಯಕ್ರಮದ ಒಂದು ಟೇಪ್ ಕೂಡ ನನ್ನ ಹತ್ತಿರ ಇದೆ. ಅವರು 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೆ ಬಿಬಿಸಿ ರೇಡಿಯೋ ಒಂದರಲ್ಲಿ ಯಾರೂ ಕೇಳದ ಬ್ಯಾಂಡ್‌ಗಳನ್ನು ಹಾಕುತ್ತಾ ಬಂದವರು. ವರ್ಲ್ಡ್ ಸರ್ವಿಸ್‌ನಲ್ಲೂ ಅವರ ಕಾರ್ಯಕ್ರಮ ಬರುತ್ತಿತ್ತು. ರಜೆಗೆ ತಿಪಟೂರಿಗೆ ಹೋದಾಗ ಅಪ್ಪನ ರೇಡಿಯೋದ ಶಾರ್ಟ್‌ವೇವ್‌ನಲ್ಲಿ ಹಿಡಿದು, ಟೇಪ್ ರೆಕಾರ್ಡರನ್ನು ಸ್ಪೀಕರಿನ ಮುಂದೆ ಇಟ್ಟು ರೆಕಾರ್ಡ್ ಮಾಡಿದ್ದೆ. ಹಾಡು ಅಲೆ ಬಂದ ಹಾಗೆ ಬರುತ್ತದೆ, ಹೋಗುತ್ತದೆ. ನಡುವೆ ಶಿಳ್ಳೆ. ಒಂದು ಕಡೆ ನಮ್ಮ ತೋಟದ ಪಂಪ್‌ಸೆಟ್ ಶುರುವಾಗುತ್ತದೆ. ಆ ಫೈಲಿಗೆ ನಾನು ಏನೂ ಮಾಡಿಲ್ಲ.

ಇನ್ನು ನಮ್ಮ ಊರಿನದು. ಬೆಂಗಳೂರು ಈ ಸಂಗೀತವನ್ನು ಬರೀ ಕೇಳಿದ ಊರಲ್ಲ, ಮಾಡಿದ ಊರು. 1996ರಲ್ಲಿ ಫ್ರೀಡಂ ಜಾಮ್ ಶುರುವಾಯಿತು. ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ, ಟಿಕೆಟ್ ಇಲ್ಲದೆ, ಬಯಲಲ್ಲಿ ಬ್ಯಾಂಡ್‌ಗಳು ಒಂದರ ಮೇಲೊಂದು ನುಡಿಸುತ್ತಿದ್ದವು. ಥರ್ಮಲ್ ಅಂಡ್ ಎ ಕ್ವಾರ್ಟರ್ ಬ್ಯಾಂಡ್ ಹುಟ್ಟಿದ್ದೂ ಅದೇ ವರ್ಷ. ಕ್ರಿಪ್ಟಾಸ್ 1998ರದ್ದು. 2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದಾಗ ಅದರಲ್ಲಿ ಶರೀಫರ ‘ಸೋರುತಿಹುದು ಮನೆಯ ಮಾಳಿಗಿ’ ಇತ್ತು. ಅದನ್ನು ಕೇಳಿ ಅಪ್ಪ ಸುಮ್ಮನೆ ತಲೆದೂಗಿದ್ದು ನೆನಪಿದೆ. ಇವರೆಲ್ಲರ ಹಾಡು ಹುಡುಕಿದರೆ ಸಿಗುತ್ತದೆ. ನನಗೆ ಚಿಂತೆ ಇದ್ದದ್ದು ಸಿಗದೇ ಇರುವವರದ್ದು. ಮೂರು ವರ್ಷ ನುಡಿಸಿ, ಒಂದು ಡೆಮೋ ಕ್ಯಾಸೆಟ್ ಮಾಡಿ, ಆಮೇಲೆ ಕೆಲಸಕ್ಕೆ ಸೇರಿಕೊಂಡವರು. ಅಂಥ ಒಂಬತ್ತು ಕ್ಯಾಸೆಟ್ ನನ್ನ ಹತ್ತಿರ ಇದ್ದವು. ಬೇರೆಲ್ಲೂ ಪ್ರತಿ ಇರಲಾರದು. ಇವನ್ನು ನಾನು ಎಲ್ಲೂ ಹಾಕಿಲ್ಲ. ಹಾಡು ಅವರದ್ದು. ನುಡಿಸಿದವರನ್ನು ಹುಡುಕಿ ಅವರ ಕೈಗೇ ಕೊಡುತ್ತಾ ಬಂದೆ.

ಅದರಲ್ಲಿ ಒಂದು, ಶಿವಮೊಗ್ಗ ಕಡೆಯ ನನ್ನ ಕ್ಲಾಸ್‌ಮೇಟ್ ಒಬ್ಬನ ಬ್ಯಾಂಡಿನದು. 1994ರಲ್ಲಿ ಡ್ರಮ್ಮರ್ ಮನೆಯ ಹಾಲಿನಲ್ಲಿ ಒಂದೇ ಮೈಕಿನಲ್ಲಿ ಮಾಡಿದ್ದು. ಡ್ರಮ್ಮರ್ ಅಂದರೆ ಇವನ ಅಣ್ಣ. ರೆಕಾರ್ಡ್ ಮಾಡುವಾಗ ಟೇಪ್ ರೆಕಾರ್ಡರ್ ಜೋರಾಗಿ ಓಡುತ್ತಿತ್ತೋ ಏನೋ, ಹಾಡು ತುಸು ಎಳೆದ ಹಾಗಿತ್ತು. ಸರಿಯಾದ ವೇಗ ಯಾವುದು ಅಂತ ತಿಳಿಯುವುದು ಹೇಗೆ? ಕರೆಂಟಿನ ಹಮ್ 50 ಹರ್ಟ್ಸ್‌ಗೆ ಕೂಡಿಸಿ ನೋಡಬಹುದು ಅಂತ ಮೊದಲು ಯೋಚಿಸಿದೆ. ಆದರೆ ಆಗಿನ ಕರೆಂಟು 50ರಲ್ಲಿ ನಿಲ್ಲುತ್ತಿರಲಿಲ್ಲ, ಇಳಿದು ಏರಿ ಮಾಡುತ್ತಿತ್ತು. ಕೊನೆಗೆ ನೆರವಿಗೆ ಬಂದದ್ದು ಹಾಡಿನ ಹಿಂದಿದ್ದ ಕ್ಯಾಸಿಯೋ ಕೀಬೋರ್ಡ್. ಅದರ ಸ್ವರ ತಾನಾಗಿ ಏರುಪೇರಾಗುವುದಿಲ್ಲ. ಅದರ ‘ಎ’ ಸ್ವರವನ್ನು 440 ಹರ್ಟ್ಸ್‌ಗೆ ಕೂರಿಸಿದೆ. ಹಾಡು ಸರಿಹೋಯಿತು, ದನಿಯೂ ಹರೆಯದ ಹುಡುಗನ ದನಿಯಾಯಿತು.

ಇದು ನನ್ನ ಮೊದಲ ನಲವತ್ತರಲ್ಲಿ ಒಂದು. ಹಿಸ್ ತೆಗೆದು, ಮುಂದಿನ ಹಿಂದಿನ ಗದ್ದಲ ಕತ್ತರಿಸಿ, ನೀಟಾಗಿ ಮಾಡಿ, ಪೆನ್‌ಡ್ರೈವಿಗೆ ಹಾಕಿಕೊಂಡು ಅವನಿರುವ ಸಹಕಾರನಗರಕ್ಕೆ ಹೋದೆ. ಅವನು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದ. ಹಾಡು ಮುಗಿದ ಮೇಲೆ ಕೇಳಿದ: “ಅಮ್ಮ ಎಲ್ಲಿ ಮಾರಾಯ್ತಿ?”

ನನಗೆ ತಟ್ಟನೆ ಅರ್ಥವಾಗಲಿಲ್ಲ. ಅವನೇ ಹೇಳಿದ. ಹಾಡು ಶುರುವಾಗುವ ಮೊದಲು, ರೆಕಾರ್ಡ್ ಬಟನ್ ಒತ್ತಿದ ಮೇಲೆ, ಅವರಮ್ಮ ಅಡುಗೆಮನೆಯಿಂದ ಕೂಗಿ ಕೇಳುತ್ತಾರೆ. ಅದು ಟೇಪಿನಲ್ಲಿದೆ. ಇದೇ ಕ್ಯಾಸೆಟ್ ಅವನು ನನಗೆ ಕೊಟ್ಟದ್ದು, ಅವನ ಹತ್ತಿರ ಬೇರೆ ಪ್ರತಿ ಉಳಿದಿರಲಿಲ್ಲ. ಅಮ್ಮ 2009ರಲ್ಲಿ ಹೋದರು.

ನಾನು ಅದನ್ನು ಗದ್ದಲ ಅಂತ ಕತ್ತರಿಸಿ ಎಸೆದಿದ್ದೆ. ಮೂಲ ಫೈಲೂ ಇರಲಿಲ್ಲ. ಟೇಪ್ ಮಾತ್ರ ಇತ್ತು.

ಮನೆಗೆ ಬಂದು ಕ್ಯಾಸೆಟ್ ಹಾಕಿದರೆ ಈ ಸಲ ಟೇಪ್ ಓಡಲಿಲ್ಲ. ಹಿಂದೆ ಯಾವಾಗಲೋ ಅದರ ಶುರುವಿನಲ್ಲಿ ತುಂಡಾಗಿತ್ತು, ನಾನೇ ಹಾಸ್ಟೆಲಿನಲ್ಲಿ ಸೆಲ್ಲೋಟೇಪ್ ಹಚ್ಚಿ ಜೋಡಿಸಿದ್ದೆ. ಆ ಗೋಂದು ಅಷ್ಟು ವರ್ಷದಲ್ಲಿ ಹರಿದು ಪಕ್ಕದ ಸುತ್ತುಗಳಿಗೂ ಅಂಟಿಕೊಂಡಿತ್ತು. ಕ್ಯಾಸೆಟ್ಟಿನಲ್ಲಿ ಒಂದು ಸೆಕೆಂಡಿಗೆ ಓಡುವುದು 4.76 ಸೆಂಟಿಮೀಟರ್ ಟೇಪ್. ಅಂಟಿದ ಭಾಗ ಹತ್ತು ಸೆಂಟಿಮೀಟರಿನಷ್ಟಿತ್ತು. ಅದನ್ನು ಕತ್ತರಿಸಿ ಬಿಸಾಡಿದರೆ ಕೆಲಸ ಸುಲಭ, ಆದರೆ ಎರಡು ಸೆಕೆಂಡು ಹೋಗುತ್ತದೆ. ಅವರಮ್ಮನ ಮಾತು ಇದ್ದದ್ದೇ ಅಲ್ಲೆಲ್ಲೋ.

ಡಬ್ಬಿ ಬಿಚ್ಚಿದೆ. ರೀಲನ್ನು ಬಿಳಿ ಹಾಳೆಯ ಮೇಲೆ ಇಟ್ಟೆ. ಒಂದೊಂದು ಸುತ್ತನ್ನು ಹಲ್ಲುಕಡ್ಡಿಯಿಂದ ಮೆಲ್ಲಗೆ ಬಿಡಿಸಿದೆ. ಹೊಳಪಿರುವ ಹಿಂಬದಿಯಲ್ಲಿ ಮಾತ್ರ, ಆಲ್ಕೋಹಾಲಿನಲ್ಲಿ ಬರೀ ಒದ್ದೆ ಮಾಡಿದ ಹತ್ತಿಯಿಂದ ಗೋಂದು ಒರೆಸಿದೆ. ಸದ್ದು ಇರುವ ಕಂದು ಬದಿಯನ್ನು ಮುಟ್ಟಲಿಲ್ಲ. ತುಂಡಾದ ಎರಡು ತುದಿಗಳನ್ನು ಒಂದಕ್ಕೊಂದು ತಾಗಿಸಿ, ಈ ಕೆಲಸಕ್ಕೆಂದೇ ಬರುವ ಸ್ಪ್ಲೈಸಿಂಗ್ ಟೇಪ್ ಹಚ್ಚಿದೆ. ಸಾಮಾನ್ಯವಾಗಿ ಓರೆಯಾಗಿ ಕತ್ತರಿಸಿ ಜೋಡಿಸುತ್ತಾರೆ. ನಾನು ಕತ್ತರಿಸಲೇ ಇಲ್ಲ. ಸಂಜೆ ಆರಕ್ಕೆ ಕೂತವಳು ಏಳುವಾಗ ಹತ್ತೂವರೆ. ಡಬ್ಬಿ ಮುಚ್ಚಿ, ಸ್ಕ್ರೂ ತಿರುಗಿಸಿ ಹೆಡ್ ಕೂಡಿಸಿ, ರೆಕಾರ್ಡ್ ಹಾಕಿ, ಪ್ಲೇ ಒತ್ತಿದೆ.

ಹಿಸ್. ಒಂದು ಚಟ್ ಸದ್ದು, ಜೋಡಣೆ ದಾಟಿದ್ದು. ಯಾರೋ ಗಿಟಾರಿನ ವೈರ್ ಚುಚ್ಚಿದರು. ದೂರದಲ್ಲಿ ಕುಕ್ಕರ್ ಕೂಗಿತು. ಆಮೇಲೆ, “ಏನ್ರೋ, ಕಾಫಿ ಈಗ್ಲೋ ಆಮೇಲೋ?” ಹುಡುಗರ ನಗು. “ಆಮೇಲೆ ಅಮ್ಮಾ.” ಡ್ರಮ್ ಕಡ್ಡಿಗಳು ನಾಲ್ಕು ಸಲ ಬಡಿದವು.

ಈಗ ಆ ಫೈಲ್ 4 ನಿಮಿಷ 11 ಸೆಕೆಂಡ್ ಇದೆ. ಹಾಡು ಶುರುವಾಗುವುದು ಹದಿಮೂರನೆಯ ಸೆಕೆಂಡಿಗೆ.